ಹಗ್ಗಮಾಫಿ

ನಮ್ಮೂರು ರಾತ್ರಿ ಹೊತ್ತು ಜಾರುತ್ತದೆ. ದಿನಾ ಒಂದು ಗೇಣು, ಕೆರೆಯ ಕಡೆಗೆ. ಬೆಳಗಾಗುತ್ತಲೇ ನಾವೆಲ್ಲ ಗುಡ್ಡದ ಗಟ್ಟಿ ನೆಲದ ಮೇಲೆ ನಿಂತು, ಹಗ್ಗ ಹಿಡಿದು, ಊರನ್ನು ಮತ್ತೆ ಮೇಲಕ್ಕೆ ಎಳೆದು ತರುತ್ತೇವೆ. ನನ್ನ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತು, ಅವಳ ಅಜ್ಜಿಯ ಕಾಲದಲ್ಲೂ ಹೀಗೇ. ಹೊಸಬರು ಬಂದಾಗ ಯಾಕೆ ಜಾರುತ್ತದೆ ಎಂದು ಕೇಳುತ್ತಾರೆ. ನನಗೇನು ಗೊತ್ತು? ಅದನ್ನೆಲ್ಲ ಯೋಚಿಸುತ್ತ ಕೂರಲು ಪುರುಸೊತ್ತಾದರೂ ಎಲ್ಲಿದೆ? ಕೊಡಪಾನವನ್ನು ಕಂಠದವರೆಗೆ ತುಂಬುವುದಿಲ್ಲ, ಅಷ್ಟೇ. ಊರು ನಿಲ್ಲುವವರೆಗೆ ಕ್ಷೌರದವನು ಯಾರ ಗಲ್ಲಕ್ಕೂ ಕತ್ತಿ ಹಚ್ಚುವುದಿಲ್ಲ. ಮೊದಲ ಬಸ್ಸಿನ ಡ್ರೈವರ್ ಹೊರಗಿನ ಡಾಂಬರು ರಸ್ತೆಯ ತುದಿಯಲ್ಲಿ ಗಾಡಿ ನಿಲ್ಲಿಸಿಕೊಂಡು, ನಮ್ಮ ರಸ್ತೆ ಬಂದು ಅದಕ್ಕೆ ಕೂಡುವವರೆಗೆ ಬೀಡಿ ಸೇದುತ್ತ ಕೂತಿರುತ್ತಾನೆ. ರಸ್ತೆಗೆ ರಸ್ತೆ ಕೂಡಿದ ಕ್ಷಣ, ಹಗ್ಗದವರ ಪಟ್ಟಿ ಹಿಡಿದು ಕೂಗು ಹಾಕುವ ಮಾಬೂಸಾಬ ಹಿತ್ತಾಳೆಯ ತಾಟು ಬಾರಿಸುತ್ತಾನೆ. ಅಲ್ಲಿಗೆ ನಮ್ಮ ದಿನ ಶುರು.

ಎಳೆಯುವುದು ವ್ಯಾಪಾರ ಮಾಡುವವರ ಪಾಲಿನ ಕೆಲಸ. ಈ ಊರಿನ ಮೇಲೆ ಅಂಗಡಿ ಹಾಕಿದವರು ಬಾಗಿಲಿಗೊಬ್ಬರಂತೆ ಹಗ್ಗಕ್ಕೆ ಬರಬೇಕು. ಅದೇ ನಮ್ಮ ಕಂದಾಯ. ಬೇರೆ ತೆರಿಗೆ ಗಿರಿಗೆ ಏನೂ ಇಲ್ಲ. ಒಂದು ಬಾಗಿಲಿದ್ದರೆ ಒಬ್ಬರು, ಮೂರಿದ್ದರೆ ಮೂವರು. ಬಟ್ಟೆ ಅಂಗಡಿಯ ಶೆಟ್ಟರು ಜಾಣತನ ಮಾಡಿ ಮೂರರಲ್ಲಿ ಎರಡು ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದರು. ಈಗ ಹಬ್ಬದ ಸೀಸನ್ನಿನಲ್ಲಿ ಅವರ ಗಿರಾಕಿಗಳು ಅಡ್ಡಡ್ಡ ತಿರುಗಿ ಒಳಗೆ ಹೋಗಬೇಕು, ದಪ್ಪಗಿದ್ದವರು ಬೇರೆ ಅಂಗಡಿ ನೋಡಿಕೊಳ್ಳಬೇಕು. ಆದರೂ ಯಾರೂ ಶೆಟ್ಟರನ್ನು ಬೈಯಲಿಲ್ಲ. ಬಾಗಿಲು ಮುಚ್ಚಿದ್ದರ ನಷ್ಟವನ್ನೂ ಅವರೇ ಉಣ್ಣುತ್ತಿದ್ದಾರಲ್ಲ.

ನಾನು ತಂಗೆವ್ವ. ಕೆಳಗಿನ ಓಣಿಯಲ್ಲಿ, ಕೆರೆಯ ಮೆಟ್ಟಿಲಿಗೆ ಅಂಟಿಕೊಂಡು ನನ್ನದೊಂದು ಉಪ್ಪಿಟ್ಟಿನ ಅಂಗಡಿ. ಅಂಗಡಿಗೆ ಒಂದೇ ಬಾಗಿಲು, ಹಿಂದೆ ಮಲಗಲು ಒಂದು ಖೋಲಿ, ಅದಕ್ಕೆ ಹಿತ್ತಲಿನಿಂದ ದಾರಿ. ಗಂಡ ತೀರಿಕೊಂಡ ವರ್ಷ ಹಾಕಿದ್ದು, ಇಪ್ಪತ್ತಾರು ವರ್ಷವಾಯಿತು. ನನಗೆ ಬೇರೆ ದಿಕ್ಕಿಲ್ಲ, ಆ ಅಂಗಡಿಯೇ ಎಲ್ಲ. ಎದುರಿಗೆ ಚಂಬಣ್ಣನ ಪೂರಿ ಅಂಗಡಿ. ಅವನಿಗೂ ನನಗೂ ಇಪ್ಪತ್ತಾರು ವರ್ಷದಿಂದ ಜಿದ್ದು. ಅವನು ಬಟಾಟಿ ಪಲ್ಯಕ್ಕೆ ಹಸಿ ಬಟಾಣಿ ಹಾಕಿದರೆ ನಾನು ಉಪ್ಪಿಟ್ಟಿಗೆ ಗೋಡಂಬಿ ಹಾಕುತ್ತಿದ್ದೆ. ಅವನು ಚಟ್ನಿ ಎರಡು ಸಲ ಬಡಿಸಿದರೆ ನಾನು ಮೂರು ಸಲ. ಒಮ್ಮೆ ಅವನ ಖಾಯಂ ಗಿರಾಕಿಯೊಬ್ಬನನ್ನು ಒಂದು ತಟ್ಟೆ ಶಿರಾ ಕೊಟ್ಟು ನನ್ನ ಕಡೆ ಸೆಳೆದುಕೊಂಡೆ. ಚಂಬಣ್ಣ ಬೀದಿಯಲ್ಲಿ ನಿಂತು, "ಏ ತಂಗೆವ್ವಾ, ನಿನ್ನ ಕೈಗೆ ಹುಳಾ ಬೀಳ್ಲಿ!" ಎಂದು ಕೂಗಿದ. "ಮೊದ್ಲ ನಿನ್ನ ಪೂರಿಯೊಳಗಿನ ಎಣ್ಣಿ ಹಿಂಡೋ!" ಎಂದು ನಾನೂ ಕೂಗಿದೆ. ಆಹಾ, ಎಂಥ ದಿನಗಳವು! ಗೆದ್ದ ದಿನ ನಿದ್ದೆ ಬರುತ್ತಿರಲಿಲ್ಲ, ಸೋತ ದಿನವಂತೂ ಬರುತ್ತಲೇ ಇರಲಿಲ್ಲ. ಆದರೆ ಬೆಳಗಾದರೆ ಇಬ್ಬರೂ ಒಂದೇ ಹಗ್ಗದಲ್ಲಿ ಅಕ್ಕಪಕ್ಕ ನಿಂತು ಎಳೆಯುತ್ತಿದ್ದೆವು. ತಾಟು ಬಾರಿಸಿದ ಮೇಲೆ ಇಬ್ಬರೂ ಒಂದೇ ಹೊತ್ತಿಗೆ ಓಡಿ ಒಲೆ ಹಚ್ಚುತ್ತಿದ್ದೆವು.

ಹೀಗಿರುವಾಗ ಮುಂಜಾವು ಉಪಾಹಾರ ಎಂಬ ಕಂಪನಿ ಬಂತು. ಮೇಲಿನ ಓಣಿಯಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿತು. ಸರಕು ಇಳಿಸಲು, ವ್ಯಾನು ತುಂಬಲು, ಮಂದಿ ಹೋಗಿಬರಲು ಒಟ್ಟು ನಲವತ್ತು ಬಾಗಿಲು. ನಲವತ್ತು! ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ನಲವತ್ತು ಜನ ಹಗ್ಗಕ್ಕೆ ಬಂದರೆ ಒಂದು ತಾಸಿನ ಕೆಲಸ ಮುಕ್ಕಾಲು ತಾಸಿಗೆ ಮುಗಿಯುತ್ತದೆ, ಕಾಲು ತಾಸು ಮೊದಲೇ ಒಲೆ ಹಚ್ಚಬಹುದು. ಅವರೂ ಉಪ್ಪಿಟ್ಟು ಮಾರುತ್ತಾರಂತೆ ಎಂದು ಚಂಬಣ್ಣ ನನ್ನನ್ನು ಹೆದರಿಸಲು ನೋಡಿದ. "ಮಾರ್ಲಿ ಬಿಡೋ. ನಿನ್ನ ಸೋಲಿಸಿ ಸೋಲಿಸಿ ನನಗೂ ಬ್ಯಾಸರಾಗೇತಿ" ಎಂದೆ.

ಆಮೇಲೆ ಪುರಸಭೆಯಲ್ಲಿ ಸಭೆ ಕರೆದರು. ಅಧ್ಯಕ್ಷ ಬಾಳನಗೌಡರು ಎದ್ದು ನಿಂತು, ಮುಂಜಾವು ಕಂಪನಿಗೆ ಹತ್ತು ವರ್ಷ ಹಗ್ಗಮಾಫಿ ಎಂದು ಓದಿದರು. ಆ ಪದವನ್ನು ನಾವು ಅದೇ ಮೊದಲು ಕೇಳಿದ್ದು. ಹುಟ್ಟಿದಾಗಿನಿಂದ ಹಗ್ಗ ನೋಡಿದ್ದೇವೆ, ಮಾಫಿ ಎಂಬುದನ್ನೂ ಕೇಳಿದ್ದೇವೆ, ಎರಡೂ ಒಂದು ಕಡೆ ಬರುತ್ತವೆ ಎಂದು ಯಾರಿಗೂ ಹೊಳೆದಿರಲಿಲ್ಲ.

ನಾನು ಎದ್ದೆ. "ಗೌಡ್ರ, ಯಾಕ ಮಾಫಿ? ಅವರಿಗೆ ಕೈ ಇಲ್ಲೇನು?"

"ಇನ್ನೂರು ಮಂದಿಗೆ ಕೆಲಸಾ ಕೊಡ್ತಾರ ತಂಗೆವ್ವಾ. ಮಾಫಿ ಇಲ್ಲಂದ್ರ ಬಾಜು ಊರಿಗೆ ಹೊಕ್ಕೀವಿ ಅಂತಾರ. ಅಲ್ಲಿ ಊರು ನಿಂತಲ್ಲೇ ನಿಂತಿರ್ತೈತಿ."

"ಹೋಗ್ಲಿ. ನಿಂತಿರೋ ಊರು ಅಷ್ಟು ಛಲೋ ಇದ್ರ ಇಲ್ಲಿಗೆ ಯಾಕ ಬಂದಾರ?"

ಗೌಡರು ಸಿಟ್ಟಾಗಲಿಲ್ಲ, ಅವರು ಕೆಟ್ಟವರೇನಲ್ಲ. ಊರಿಗೆ ಏನಾದರೂ ದೊಡ್ಡದು ಬರಲಿ ಎಂದು ಇಪ್ಪತ್ತು ವರ್ಷ ಕಾದವರು. "ನಿನ್ನ ತಂಗಿ ಮಗಳು ಪುತಳವ್ವಗೂ ಅಲ್ಲೇ ಕೆಲಸಾ ಆಗೇತಿ. ಅದನ್ನ ಕಳಕೋ ಅಂತ ಆಕಿಗೆ ನೀನೇ ಹೇಳು" ಎಂದರು. ಪುತಳವ್ವ ಹಿಂದಿನ ಸಾಲಿನಲ್ಲಿ ಕೂತಿದ್ದಳು. ತಲೆ ತಗ್ಗಿಸಿಕೊಂಡು, "ದೊಡ್ಡವ್ವಾ, ನನಗ ಇದು ಮೊದಲನೇ ಪಗಾರ" ಎಂದಳು. ನಾನು ಕೂತುಬಿಟ್ಟೆ. ಕೈಗಳೆದ್ದವು, ಮಾಫಿ ಪಾಸಾಯಿತು.

ಮುಂದಿನದ್ದು ನಿಮಗೇ ಗೊತ್ತಾಗಿರಬೇಕು. ಮೂರಂತಸ್ತಿನ ಭಾರ ಊರ ಮೇಲೆ ಕೂತಿತು, ಎಳೆಯುವ ಕೈ ಒಂದೂ ಹೆಚ್ಚಾಗಲಿಲ್ಲ. ಒಂದು ತಾಸಿನ ಕೆಲಸ ಒಂದೂವರೆ ತಾಸಾಯಿತು. ಕೆಲವು ದಿನ ಬೆನ್ನು ಮುರಿಯುವಷ್ಟು ಎಳೆದರೂ ಎರಡು ಬೆರಳಿನಷ್ಟು ದೂರ ಉಳಿದೇಬಿಡುತ್ತಿತ್ತು. ಬಸ್ಸು ಆ ಸಂದಿನ ಮೇಲೆ ಧಡಕ್ ಎಂದು ಹಾರಿ ಒಳಗೆ ಬರುತ್ತಿತ್ತು. ಕೆರೆಯ ಮೆಟ್ಟಿಲುಗಳಲ್ಲಿ ಒಂದು ನೀರಿನೊಳಕ್ಕೆ ಹೋಯಿತು, ಆಮೇಲೆ ಇನ್ನೊಂದು. ಆದರೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೇರೆ ಕಾರಣಕ್ಕೆ. ನಾವು ಗುಡ್ಡದ ಮೇಲೆ ಹೈಸಾ ಹೈಸಾ ಎಂದು ಉಸಿರು ಬಿಡುತ್ತಿರುವಾಗ ಕೆಳಗೆ ಕಂಪನಿಯ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. ನಮ್ಮ ಕೈಯಲ್ಲಿ ಹಗ್ಗ ಇರುವಾಗಲೇ ಅವರ ವ್ಯಾನುಗಳು ಮನೆ ಮನೆ ಮುಂದೆ ಹಾರ್ನ್ ಹೊಡೆಯುತ್ತಿದ್ದವು. ನಾನು ಓಡಿ ಬಂದು ಒಲೆ ಹಚ್ಚಿ ರವೆ ಹುರಿಯುವಷ್ಟರಲ್ಲಿ ಇಡೀ ಊರು ಉಪ್ಪಿಟ್ಟು ತಿಂದು ಕೈ ತೊಳೆದಿರುತ್ತಿತ್ತು. ದಿನಕ್ಕೆ ನೂರೈವತ್ತು ತಟ್ಟೆ ಹೋಗುತ್ತಿದ್ದ ಅಂಗಡಿಯಲ್ಲಿ ಮೂವತ್ತು ಹೋದರೆ ಹೆಚ್ಚು. ಚಂಬಣ್ಣ ಬೆಳಗಿನ ಪೂರಿ ಬಿಟ್ಟು ಸಂಜೆಯ ಮಿರ್ಚಿಗೆ ಇಳಿದ. ಬೈಯಲು ಎದುರಿಗೆ ಯಾರೂ ಇಲ್ಲದೆ ನನ್ನ ಬಾಯಿ ಒಣಗಿತು.

ಒಂದು ದಿನ ಕಂಪನಿಯ ಮ್ಯಾನೇಜರ್ ದೇಸಾಯರು ಗುಡ್ಡಕ್ಕೇ ಬಂದರು. ಹೊರಗಿನಿಂದ ಬಂದವರು, ಮೂವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಅಂಗಿ, ಬಲು ಮರ್ಯಾದೆಯ ಮನುಷ್ಯ. ಹಿಂದೆ ವ್ಯಾನಿನಲ್ಲಿ ಬಿಸಿ ಉಪ್ಪಿಟ್ಟಿನ ಪೊಟ್ಟಣಗಳು. ಹಗ್ಗ ಎಳೆದು ಹಸಿದವರಿಗೆ ಅಲ್ಲೇ ಮಾರುವುದಂತೆ! ನಮ್ಮವರೇ ಸಾಲುಗಟ್ಟಿದರು, ಅವರನ್ನೇನು ಅನ್ನಲಿ, ಹೊಟ್ಟೆ ಕೇಳಬೇಕಲ್ಲ. ನನಗೂ ಒಂದು ಪೊಟ್ಟಣ ಕೊಟ್ಟರು. ತಿಂದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ರವೆ ಹದವಾಗಿ ಹುರಿದಿತ್ತು, ಒಗ್ಗರಣೆಯಲ್ಲಿ ಶುಂಠಿ ಸರಿಯಾಗಿ ಬಿದ್ದಿತ್ತು. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

"ದೇಸಾಯರ, ನಿಮ್ಮ ಉಪ್ಪಿಟ್ಟು ಛಲೋ ಐತಿ. ಹಂಗಿದ್ರೂ ಕದ್ದು ಯಾಕ ಓಡ್ತೀರಿ?"

"ಕದಿಯೋದಾ? ಅಕ್ಕಾ, ಇದು ಮುಕ್ತ ಮಾರುಕಟ್ಟೆ. ಗಿರಾಕಿ ಯಾರನ್ನ ಆರಿಸ್ತಾನೋ ಅವರು ಉಳೀತಾರೆ. ಇದರಲ್ಲಿ ಸಿಟ್ಟು ಮಾಡ್ಕೊಳ್ಳೋದೇನಿದೆ?"

"ನಿಮ್ಮ ಬಾಯಿಗೆ ಸಕ್ಕರಿ ಹಾಕ್ತೀನಿ! ನಾನೂ ಅದನ್ನ ಅಂತೀನಿ. ಇಪ್ಪತ್ತಾರು ವರ್ಷ ಈ ಚಂಬಣ್ಣನ ಜೋಡಿ ಜಿದ್ದಾಜಿದ್ದಿ ಮಾಡೀನಿ. ಆದ್ರ ನಾವಿಬ್ರೂ ಹಗ್ಗ ಬಿಟ್ಟ ಮ್ಯಾಲ ಒಲಿ ಹಚ್ತೀವಿ. ನೀವು ನಮ್ಮ ಕೈಗೆ ಹಗ್ಗ ಕೊಟ್ಟು ಒಲಿ ಹಚ್ತೀರಿ. ಪುರಸಭೆಯವರು ನಿಮ್ಮನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡು ಓಡಾಕತ್ತಾರ. ಹೆಗಲ ಮ್ಯಾಲ ಕುಂತು ಗೆದ್ರ ಅದು ಯಾವ ಪೈಪೋಟಿ?"

ದೇಸಾಯರು ನಕ್ಕರು. ಆದರೆ ತಾತ್ಸಾರದ ನಗೆಯಲ್ಲ, ಮಾತಿಗೆ ಮಾತು ಸಿಕ್ಕವರ ನಗೆ. "ಭಾರ ಕಡಿಮೆ ಆದಷ್ಟೂ ಮಾರುಕಟ್ಟೆ ಮುಕ್ತ ಆಗುತ್ತೆ ಅಕ್ಕಾ. ಹಗ್ಗ ಅನ್ನೋದೇ ಒಂದು ಭಾರ. ನಮ್ಮ ಮೇಲಿಂದ ಇಳೀತು, ಅಷ್ಟು ಸ್ವಾತಂತ್ರ್ಯ ಬಂತು. ನಮ್ಮನ್ನ ಯಾಕೆ ಬೈತೀರಾ? ನೀವೂ ಮಾಫಿ ಕೇಳಿ."

"ಕೇಳ್ತೀನ್ರೀ. ಚಂಬಣ್ಣನೂ ಕೇಳ್ತಾನ, ಶೆಟ್ರೂ ಕೇಳ್ತಾರ. ಎಲ್ಲಾರಿಗೂ ಮಾಫಿ ಆದ ಮ್ಯಾಲ ನಿಮ್ಮ ಮೂರಂತಸ್ತು ಎಲ್ಲಿರ್ತೈತಿ ಹೇಳ್ರಿ? ಕೆರಿಯಾಗ! ಮೀನಿಗೆ ಉಪ್ಪಿಟ್ಟು ಮಾರ್ಕೋತ ಕುಂಡ್ರಿ!"

ಗುಡ್ಡವೆಲ್ಲ ಘೊಳ್ಳೆಂದು ನಕ್ಕಿತು. ದೇಸಾಯರ ಕಿವಿ ಕೆಂಪಾದವು. ಬಗ್ಗಿ ಕೆಳಗಿನ ಊರನ್ನೂ ಕೆರೆಯನ್ನೂ ನೋಡಿದರು. ನಾನೂ ನಕ್ಕೆ. ಆದರೆ ಅಂಗಡಿ ಇನ್ನು ಎರಡು ತಿಂಗಳು ನಡೆದರೆ ಪುಣ್ಯ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಹೇಳಿಬಿಟ್ಟೆ: "ಒಂದು ದಿವಸ. ಒಂದೇ ದಿವಸ ನಿಮ್ಮ ನಲವತ್ತು ಮಂದಿ ಹಗ್ಗಕ್ಕ ಬರ್ಲಿ. ತಾಟು ಬಾರಿಸಿದ ಮ್ಯಾಲ ಸಂತಿ ಕಟ್ಟಿ ಮ್ಯಾಲ ನಿಮ್ಮವೆರಡು ಒಲಿ, ನನ್ನವೆರಡು ಒಲಿ. ಮುನ್ನೂರು ಮುನ್ನೂರು ತಟ್ಟಿ. ರೇಟು ನಿಮ್ಮದು ನಿಮಗ, ನನ್ನದು ನನಗ. ಯಾರದು ಮೊದಲ ಖಾಲಿ ಆಗ್ತೈತೋ ಅವರು ಗೆದ್ರು. ನಾ ಸೋತ್ರ ಅಂಗಡಿ ಬಾಗಿಲಾ ಮುಚ್ತೀನಿ. ನೀವು ಸೋತ್ರ ಮಾಫಿ ಕಾಗದಾ ಹರೀಬೇಕು."

ಚಂಬಣ್ಣ ನನ್ನ ಸೆರಗು ಜಗ್ಗಿದ. "ಏ ಹುಚ್ಚಿ, ಸುಮ್ನಿರು." ದೇಸಾಯರ ಜೊತೆ ಬಂದಿದ್ದ ಬಾಳನಗೌಡರು ಬೇಡವೆಂದು ಕೈ ಅಡ್ಡ ಮಾಡಿದರು. ಆದರೆ ದೇಸಾಯರ ಕಣ್ಣು ಆಗಲೇ ಹೊಳೆಯುತ್ತಿದ್ದವು. ನನಗೆ ಆ ಹೊಳಪು ಗೊತ್ತು, ಅದು ನನ್ನ ಕಣ್ಣಿನಲ್ಲೂ ಇದೆ. "ಒಪ್ಪಿದೆ" ಎಂದರು.

ಆ ಬೆಳಗನ್ನು ಏನೆಂದು ವರ್ಣಿಸಲಿ! ಬಾಗಿಲಿಲ್ಲದವರು, ಬರಬೇಕಾಗಿಲ್ಲದವರು, ಮುದುಕರು, ಮಕ್ಕಳು, ಎಲ್ಲರೂ ಗುಡ್ಡ ಹತ್ತಿದ್ದರು. ಕಂಪನಿಯ ನಲವತ್ತು ಮಂದಿ ಅಡುಗೆಯವರು, ಪೊಟ್ಟಣ ಕಟ್ಟುವವರು, ಎಲ್ಲರ ಮುಂದೆ ಅಂಗಿಯ ತೋಳು ಮಡಚಿದ ದೇಸಾಯರು. ಪುತಳವ್ವ ನನ್ನನ್ನು ಕಂಡು ನಾಚಿ ನಕ್ಕಳು. ಮಾಬೂಸಾಬ ಎದೆ ತುಂಬ ಉಸಿರೆಳೆದು, "ಎಳೀರೋ ಹೈಸಾ!" ಎಂದ. ಊರು ಅಲ್ಲಾಡಿತು. ಮತ್ತೆ "ಹೈಸಾ!" ಯಪ್ಪಾ, ಎಷ್ಟು ಹಗುರ! ತಿಂಗಳುಗಳಿಂದ ಬಂಡೆಯಂತೆ ಕೂತಿದ್ದ ಊರು ಕರೆದ ಕರುವಿನಂತೆ ಬರತೊಡಗಿತು. ಕಂಪನಿಯವರಿಗೆ ಎಳೆಯುವ ರೀತಿ ಗೊತ್ತಿರಲಿಲ್ಲ. ಕೂಗಿಗೆ ಕಾಯದೆ, ಬರಿಗೈಯಲ್ಲಿ, ಹಗ್ಗ ಜಾರಿಸುತ್ತ ಎಳೆದರು. ನಾವು ಅಂಗೈಗೆ ಬೂದಿ ಹಚ್ಚಿಕೊಳ್ಳುತ್ತೇವೆ. ಹೇಳಬೇಕಿತ್ತು, ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ. ಮುಕ್ಕಾಲು ತಾಸಿಗೆ ತಾಟು ಮೊಳಗಿತು, ಬಸ್ಸಿನ ಡ್ರೈವರ್ ಇನ್ನೂ ಬೀಡಿ ಹಚ್ಚಿರಲೇ ಇಲ್ಲ.

ಸಂತೆ ಕಟ್ಟೆಗೆ ಓಡಿದೆವು. ನಾನು ಒಲೆ ಹಚ್ಚಿದೆ, ಎಣ್ಣೆ ಕಾಯಿಸಿದೆ, ಸಾಸಿವೆ ಸಿಡಿಸಿದೆ. ಪಕ್ಕದಲ್ಲಿ ನೋಡಿದರೆ ಕಂಪನಿಯ ಅಡುಗೆಯವರು ಸೌಟು ಹಿಡಿಯುತ್ತಿದ್ದಾರೆ, ಬಿಡುತ್ತಿದ್ದಾರೆ. ಅಂಗೈ ತುಂಬ ಬೊಬ್ಬೆ ಎದ್ದು ಒಡೆದಿದ್ದವು. ಒಬ್ಬ ಸೌಟಿನ ಹಿಡಿಕೆಗೆ ಬಟ್ಟೆ ಸುತ್ತಿಕೊಂಡ, ಇನ್ನೊಬ್ಬ ಎರಡೂ ಮುಂಗೈಯಿಂದ ತಿರುವಲು ಹೋದ. ಅಷ್ಟರಲ್ಲಿ ಅವರ ರವೆ ತಳ ಹತ್ತಿ ಸೀದ ವಾಸನೆ ಕಟ್ಟೆಯೆಲ್ಲ ಹಬ್ಬಿತು. ಎಂಟೂಕಾಲು ಗಂಟೆಗೆ ನನ್ನ ಮುನ್ನೂರನೆಯ ತಟ್ಟೆ ಹೋಯಿತು. ಅವರದು ಇನ್ನೂರು ಹಾಗೇ ಉಳಿದಿತ್ತು. ಜನ ನನ್ನನ್ನು ಎತ್ತಿಕೊಂಡು ಕುಣಿದರು, ಚಂಬಣ್ಣ ತನ್ನ ಟೋಪಿ ಗಾಳಿಗೆ ತೂರಿದ. ದೇಸಾಯರು ಮಾಫಿಯ ಕಾಗದ ತೆಗೆದು ಎಲ್ಲರ ಎದುರು ಹರಿದರು. ಕಾಗದದ ಮೇಲೆ ಅವರ ಅಂಗೈಯ ರಕ್ತದ ಗುರುತಿತ್ತು.

ಅಲ್ಲಿಗೆ ಸುಮ್ಮನಾಗಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ, ಸುಖವಾಗಿರುತ್ತಿದ್ದೆ. ಆದರೆ ಆ ರಕ್ತ ನೋಡಿ ನನಗೆ ಎಂಥದೋ ಆಯಿತು. ನಾನು ಸೋಲಿಸಿದ್ದು ಅವರ ಅಂಗೈಯನ್ನು, ಉಪ್ಪಿಟ್ಟನ್ನಲ್ಲ. ಹೆಗಲ ಮೇಲೆ ಕೂತು ಗೆಲ್ಲಬೇಡಿ ಎಂದು ಬಯ್ದವಳು ನಾನು, ಈಗ ಕಾಲು ಮುರಿದವರನ್ನು ಓಟದಲ್ಲಿ ಹಿಂದೆ ಹಾಕಿ ಕುಣಿಯುತ್ತಿದ್ದೇನೆ. ಎತ್ತಿಕೊಂಡವರ ತೋಳಿನಿಂದ ಕೆಳಗಿಳಿದು ಹೇಳಿದೆ: "ದೇಸಾಯರ, ನಾಳಿಂದ ನಿಮ್ಮ ಮಂದಿ ದಿನಾ ಹಗ್ಗಕ್ಕ ಬರ್ತಾರಲ್ಲ? ನಲವತ್ತು ದಿವಸಕ್ಕ ಅಂಗೈ ಗಟ್ಟಿ ಆಗ್ತಾವ. ಆವಾಗ ಇನ್ನೊಮ್ಮಿ ಆಡೋಣು. ಮಾಫಿ ಹರದದ್ದು ಹರದಂಗ. ನನ್ನ ಬಾಗಿಲಾ ಮತ್ತ ಪಣಕ್ಕಿಡ್ತೀನಿ."

ಚಂಬಣ್ಣ ಟೋಪಿ ಎತ್ತಿಕೊಳ್ಳುವುದನ್ನೂ ಮರೆತು, "ನಿನಗ ತಲಿ ಕೆಟ್ಟೈತೇನ? ಗೆದ್ದೀ, ಮನೀಗೆ ಹೋಗು!" ಎಂದು ಅಳುವ ದನಿಯಲ್ಲಿ ಬೈದ. ದೇಸಾಯರು ನನ್ನ ಹತ್ತಿರ ಬಂದರು. "ಅಕ್ಕಾ, ನಾವು ಗೆಲ್ಲೋ ಸಾಧ್ಯತೆ ಜಾಸ್ತಿ" ಎಂದರು ಮೆಲ್ಲಗೆ. "ಗೊತ್ತೈತ್ರೀ" ಎಂದೆ. ನಿಜವಾಗಿಯೂ ಗೊತ್ತಿತ್ತು.

ನಲವತ್ತು ದಿನ ಅವರು ತಪ್ಪದೆ ಬಂದರು. ಬೂದಿ ಹಚ್ಚುವುದನ್ನು ನಾನೇ ಕಲಿಸಿದೆ. ಕಂಪನಿಯ ಮೇಲಿನವರು ಬಾಜು ಊರಿಗೆ ಹೋಗುತ್ತೇವೆ ಎಂದು ಎರಡು ಸಲ ಕಾಗದ ಬರೆದರಂತೆ, ಬಾಳನಗೌಡರು ನಿದ್ದೆಗೆಟ್ಟರು. ದೇಸಾಯರು ಮಾತ್ರ ಹೋಗುವುದು ಬೇಡ, ಇಲ್ಲಿಯ ಮಂದಿ ಚೆನ್ನಾಗಿ ತಿನ್ನುತ್ತಾರೆ ಎಂದು ಉತ್ತರ ಬರೆದರಂತೆ. ಊರು ಮುಕ್ಕಾಲು ತಾಸಿಗೇ ಬಂದು ನಿಲ್ಲತೊಡಗಿತು. ಕೆರೆಯ ಎರಡೂ ಮೆಟ್ಟಿಲು ಪಾಚಿ ಹಿಡಿದುಕೊಂಡು ಮೇಲೆದ್ದವು. ಈಗ ಅವರ ಒಲೆ, ನಮ್ಮ ಒಲೆ ಒಂದೇ ಹೊತ್ತಿಗೆ ಹೊತ್ತುತ್ತಿದ್ದವು. ಚಂಬಣ್ಣ ಮತ್ತೆ ಬೆಳಗಿನ ಪೂರಿಗೆ ಬಂದ. ನಾವಿಬ್ಬರೂ ಮನಸಾರೆ ಬೈದಾಡಿದೆವು. ನನ್ನ ಅಂಗಡಿಯಲ್ಲಿ ದಿನಕ್ಕೆ ನೂರಿಪ್ಪತ್ತು ತಟ್ಟೆ ಹೋಗುತ್ತಿತ್ತು. ಪಣ ಬಿಟ್ಟುಬಿಡು ಎಂದು ಪುತಳವ್ವ ಕಾಲು ಹಿಡಿದಳು. ಆಡಿದ ಮಾತು ಬಿಡುವುದು ಹೇಗೆ?

ನಲವತ್ತೊಂದನೆಯ ದಿನ ಬಂತು. ತಾಟು ಮೊಳಗಿತು, ಓಡಿದೆವು. ನನ್ನ ಜೀವಮಾನದಲ್ಲೇ ಅಂಥ ಉಪ್ಪಿಟ್ಟು ನಾನು ಮಾಡಿರಲಿಲ್ಲ. ಪ್ರಮಾಣ ಮಾಡಿ ಹೇಳುತ್ತೇನೆ, ಹಸಿಮೆಣಸಿನಕಾಯಿ, ತುಪ್ಪ, ಕೊತ್ತಂಬರಿ, ಒಂದೊಂದೂ ಹದಕ್ಕೆ ಸರಿಯಾಗಿ ಕೂತಿತ್ತು. ಮೊದಲ ನೂರು ತಟ್ಟೆ ನನ್ನದೇ ಮುಂದೆ ಓಡಿತು. ಕಟ್ಟೆಯ ತುಂಬ ಕೂಗು, ಶಿಳ್ಳೆ. ಆಮೇಲೆ ನೋಡುತ್ತೇನೆ, ಹಗ್ಗ ಎಳೆದು ಬಂದವರೆಲ್ಲ ಒಬ್ಬೊಬ್ಬರಾಗಿ ಆ ಕಡೆ ಸರಿಯುತ್ತಿದ್ದಾರೆ. ಏನಪ್ಪಾ ಎಂದು ಇಣುಕಿದೆ. ದೇಸಾಯರು ಉಪ್ಪಿಟ್ಟನ್ನು ತಟ್ಟೆಯಲ್ಲಿ ಹಾಕದೆ ಮುತ್ತುಗದ ಎಲೆಯ ದಪ್ಪ ದೊನ್ನೆಯಲ್ಲಿ ಹಾಕಿ, ಒಂದು ಕಟ್ಟಿಗೆಯ ಚಮಚ ಇಟ್ಟು ಕೊಡುತ್ತಿದ್ದರು. ಜೊತೆಗೆ ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆ, ಮೊದಲು ಅದು, ಆಮೇಲೆ ಉಪ್ಪಿಟ್ಟು. ಹಗ್ಗ ಎಳೆದು ಉರಿಯುವ ಅಂಗೈಯಲ್ಲಿ ಬಿಸಿ ಸ್ಟೀಲಿನ ತಟ್ಟೆ ಹಿಡಿಯುವುದು ಎಷ್ಟು ಕಷ್ಟ, ಬೆವರಿಳಿಸಿ ಬಂದವರ ಒಣ ಗಂಟಲಿಗೆ ರವೆ ಇಳಿಯುವುದು ಎಷ್ಟು ಕಷ್ಟ! ನಲವತ್ತು ದಿನ ಹಗ್ಗ ಹಿಡಿದ ಮನುಷ್ಯನಿಗೆ ಅದು ಹೊಳೆದಿತ್ತು. ಇಪ್ಪತ್ತಾರು ವರ್ಷ ಹಿಡಿದ ನನಗೆ ಹೊಳೆದಿರಲಿಲ್ಲ. ನಾನು ಅಷ್ಟೂ ವರ್ಷ ಸುಡುವ ತಟ್ಟೆಯನ್ನೇ ಕೊಟ್ಟಿದ್ದೆ, ಗಿರಾಕಿಗಳು ಸೆರಗಿನಲ್ಲಿ, ಟವೆಲಿನಲ್ಲಿ ಹಿಡಿದು ತಿಂದಿದ್ದರು.

ಹನ್ನೊಂದು ತಟ್ಟೆಯಲ್ಲಿ ಸೋತೆ. ಅವರದು ಖಾಲಿಯಾದಾಗ ನನ್ನ ಪಾತ್ರೆಯಲ್ಲಿ ಹನ್ನೊಂದು ತಟ್ಟೆಯಷ್ಟು ಉಳಿದಿತ್ತು. ಯಾರೂ ಶಿಳ್ಳೆ ಹೊಡೆಯಲಿಲ್ಲ. ನನಗೆ ಅಳು ಬಂತು, ಅತ್ತೆ, ಯಾರ ಎದುರಿಗೂ ಮರೆಮಾಚಲಿಲ್ಲ. ಆದರೆ ಕಣ್ಣೀರು ಒರೆಸಿಕೊಳ್ಳುತ್ತಿದ್ದಂತೆ ಒಳಗಿಂದ ಒಂದು ಖುಷಿಯೂ ಉಕ್ಕಿ ಬಂತು ನೋಡಿ. ಎಂಥ ಆಟ! ಯಾರ ಹೆಗಲೂ ಇಲ್ಲ, ಯಾರ ಕೃಪೆಯೂ ಇಲ್ಲ, ಬುದ್ಧಿಯಿಂದ ಸೋಲಿಸಿದರು. "ಮಜ್ಜಿಗಿ ಹೆಂಗ ಹೊಳೀತ್ರೀ ನಿಮಗ?" ಎಂದು ಕೇಳಿದೆ. ದೇಸಾಯರ ಕಣ್ಣಲ್ಲೂ ನೀರಿತ್ತು. "ಹತ್ತನೇ ದಿನ ಗಂಟಲು ಒಣಗಿ ನಿಮ್ಮ ಅಂಗಡಿ ಮುಂದೆ ನೀರು ಕೇಳಿದ್ದೆ ಅಕ್ಕಾ. ಆಗ. ಅಂಗಡಿ ಮುಚ್ಚಬೇಡಿ, ಪಣ ನಾನು ಬಿಟ್ಟುಕೊಡ್ತೀನಿ."

"ಬಿಡಾಂಗಿಲ್ಲ. ಹಂಗ ಬಿಟ್ರ ಅದೂ ಒಂದು ಮಾಫೀನ."

ಅವತ್ತೇ ಮಧ್ಯಾಹ್ನ ಅಂಗಡಿಯ ಬಾಗಿಲಿಗೆ ಅಡ್ಡ ಹಲಗೆ ಹಿಡಿದೆ. ಮೊಳೆ ಹೊಡೆಯಲು ಚಂಬಣ್ಣ ಬಂದ. ಮೊಳೆ ಹೊಡೆಯುತ್ತ ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಸಹಿಸಲಾಗಲಿಲ್ಲ. ಬಾಗಿಲಿಲ್ಲದವರಿಗೆ ಹಗ್ಗವಿಲ್ಲ, ಮಾಬೂಸಾಬ ತನ್ನ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದ.

ಮರುದಿನ ಬೆಳಗಿನ ಜಾವ ಅಭ್ಯಾಸದಂತೆ ಎಚ್ಚರವಾಯಿತು. ಎದ್ದು ಕೂತವಳು ಮತ್ತೆ ಮಲಗಿದೆ. ಹೋಗಬೇಕಾಗಿಲ್ಲವಲ್ಲ. ದೂರ ಗುಡ್ಡದಿಂದ "ಹೈಸಾ" ಕೇಳಿಸಿತು. ಖೋಲಿಯ ಗೋಡೆ ಸಣ್ಣಗೆ ನಡುಗಿತು. ನನ್ನ ಮಂಚ ಮೇಲಕ್ಕೆ ಸರಿಯಿತು. ಕೂಗಿಗೊಮ್ಮೆ ಒಂದು ಎಳ್ಳುಕಾಳಿನಷ್ಟು, ಮತ್ತೊಂದು ಎಳ್ಳುಕಾಳಿನಷ್ಟು. ಇಪ್ಪತ್ತಾರು ವರ್ಷದಲ್ಲಿ ಊರು ಮೇಲೇರುವುದನ್ನು ನಾನು ಊರೊಳಗಿದ್ದು ಅನುಭವಿಸಿರಲೇ ಇಲ್ಲ. ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ. ತಾಯಿ ಸೊಂಟದ ಮೇಲೆ ಎತ್ತಿಕೊಂಡು ನಡೆದ ಹಾಗಿತ್ತು. ಹತ್ತು ವರ್ಷವಲ್ಲ, ನೂರು ವರ್ಷ ಬೇಕೆನಿಸುವಂಥ ಸುಖ. ಇದನ್ನು ಯಾರಾದರೂ ಯಾಕೆ ಬಿಟ್ಟುಕೊಡುತ್ತಾರೆ ಎಂದು ಅನ್ನಿಸಿತು. ಅನ್ನಿಸಿದ್ದೇ ತಡ, ಚಂಬಣ್ಣನ ಕೆಟ್ಟ ಮೊಣಕಾಲು ಕಣ್ಣ ಮುಂದೆ ಬಂತು. ಪುತಳವ್ವನ ಎಳೆ ಅಂಗೈ ಬಂತು. ಅವರು ಹಲ್ಲು ಕಚ್ಚಿ ನನ್ನನ್ನು ಮಂಚದ ಸಮೇತ ಎಳೆಯುತ್ತಿದ್ದಾರೆ, ನಾನು ಹೊದ್ದುಕೊಂಡು ಬಿದ್ದಿದ್ದೇನೆ! ಮೈಯೆಲ್ಲ ಉರಿದುಹೋಯಿತು. ಹೊದಿಕೆ ಒದ್ದು ಎದ್ದೆ. ಚಪ್ಪಲಿಯೂ ಮೆಟ್ಟಲಿಲ್ಲ, ಕೂದಲೂ ಕಟ್ಟಲಿಲ್ಲ. ಕೆಳಗಿನ ಓಣಿ, ಸಂತೆ ಕಟ್ಟೆ, ಬಸ್ ಸ್ಟ್ಯಾಂಡು, ಗುಡ್ಡ, ಎಲ್ಲ ಒಂದೇ ಉಸಿರಿಗೆ ಓಡಿದೆ.

ಮಾಬೂಸಾಬ ಕೂಗು ನಿಲ್ಲಿಸಿ ಕಣ್ಣು ಬಿಟ್ಟ. "ತಂಗೆವ್ವಾ, ನೀ ಯಾಕ ಬಂದಿ? ನಿನಗ ಬಾಗಿಲಿಲ್ಲ!"

"ಬಾಗಿಲಿಲ್ಲಂದ್ರ ಏನಾತೋ ಮಾಬೂ," ಎಂದೆ ಏದುಸಿರು ಬಿಡುತ್ತ, "ಊರಿನ ಮ್ಯಾಲ ನನ್ನ ತೂಕ ಐತಲ್ಲೋ! ಸರೀರೋ, ಜಾಗಾ ಬಿಡ್ರೋ!"

ದೇಸಾಯರು ಒಂದು ಹೆಜ್ಜೆ ಹಿಂದಕ್ಕೆ ಸರಿದರು, ಚಂಬಣ್ಣ ಒಂದು ಹೆಜ್ಜೆ ಮುಂದಕ್ಕೆ. ಅವರಿಬ್ಬರ ನಡುವೆ ನಿಂತು ನಾನು ಹಗ್ಗ ಹಿಡಿದೆ.